ಜಗಲಿಯ ಮೇಲಿನ ಎರಡು ಲೋಟ

ಆ ದಿನಗಳಲ್ಲಿ ನಾನು ದಿನಕ್ಕೆ ಎರಡು ಸಲ ಸಂವಿಧಾನವನ್ನು ಕಾಪಾಡುತ್ತಿದ್ದೆ. ಬೆಳಿಗ್ಗೆ ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ಒಮ್ಮೆ, ಸಂಜೆ ಮನೆಗೆ ಬಂದು ಕಾಫಿ ಕುಡಿಯುವಾಗ ಇನ್ನೊಮ್ಮೆ. ಭಾನುವಾರ ಬಿಡುವಿರುವುದರಿಂದ ಊಟವಾದ ಮೇಲೂ ಸ್ವಲ್ಪ ಕಾಪಾಡುತ್ತಿದ್ದೆ. ಇದಕ್ಕೆ ಬೇಕಾದದ್ದು ಒಂದು ಫೋನು, ಒಂದು ಹೆಬ್ಬೆರಳು, ಮತ್ತು ಎದುರಿನವನಿಗೆ ಏನೂ ಗೊತ್ತಿಲ್ಲ ಎಂಬ ಗಟ್ಟಿ ನಂಬಿಕೆ. ಮೂರೂ ನನ್ನಲ್ಲಿ ಧಾರಾಳವಾಗಿದ್ದವು.

ನಾನು ಕೋಲಾರದ ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರದ ಮೇಷ್ಟ್ರು. ಮಾಲೂರಿನಿಂದ ಮುಳಬಾಗಿಲಿನವರೆಗಿನ ಮೇಷ್ಟ್ರುಗಳು, ವಕೀಲರು, ವ್ಯಾಪಾರಿಗಳು, ಬೇಸಾಯಗಾರರು ಸೇರಿಕೊಂಡಿದ್ದ ಒಂದು ಫೋನ್ ಗುಂಪು ನಮ್ಮ ರಣರಂಗ. ಗುಂಪಿನ ಹೆಸರಿನಲ್ಲಿ ‘ಸತ್ಯ’ ಎಂಬ ಪದವಿತ್ತು. ಮನೆಗೆ ‘ಶಾಂತಿನಿವಾಸ’ ಎಂದು ಬೋರ್ಡು ಹಾಕಿ ಒಳಗೆ ಪಾತ್ರೆ ಎಸೆದಾಡುವವರನ್ನು ನೀವೂ ನೋಡಿರುತ್ತೀರಿ. ಗುಂಪಿನಲ್ಲಿ ಎರಡು ಕಡೆಗಳು. ನಾವು ಹಕ್ಕಿನ ಪರ. ಅವರೂ ಹಕ್ಕಿನ ಪರವೇ, ಆದರೆ ಬೇರೆಯವರ ಹಕ್ಕಿನ ಪರ.

ಆ ಕಡೆಯ ಮುಖ್ಯಸ್ಥರು ಶ್ರೀನಿವಾಸಪುರದಲ್ಲಿ ಔಷಧಿ ಅಂಗಡಿ ಇಟ್ಟವರು. ಔಷಧಿ ಎಂದರೆ ಮನುಷ್ಯರದ್ದಲ್ಲ, ಮಾವಿಗೂ ಟೊಮೇಟೊಗೂ ಹೊಡೆಯುವುದು. ಬಂದ ಸಂದೇಶವನ್ನೆಲ್ಲ ಪೂರ್ತಿ ಓದುವ ಮುಂಚೆಯೇ ಮುಂದಕ್ಕೆ ಕಳಿಸುವುದು ಅವರ ಪದ್ಧತಿ. ಒಮ್ಮೆ ರಸ್ತೆ ಬದಿ ಸುರಿದ ಟೊಮೇಟೊ ರಾಶಿಯ ಚಿತ್ರ ಹಾಕಿ, ದೂರದ ಯಾವುದೋ ರಾಜ್ಯದಲ್ಲಿ ರೈತರ ಬಾಯಿ ಮುಚ್ಚಿಸಿದ್ದಕ್ಕೆ ಇದೇ ಸಾಕ್ಷಿ ಎಂದರು. ನಮ್ಮ ಕಡೆಯವರು ಅದೇ ಚಿತ್ರವನ್ನು ಎತ್ತಿಕೊಂಡು, ಬಾಯಿ ಮುಚ್ಚಿಸಿದವರು ನಿಮ್ಮವರೇ ಎಂದರು. ಎರಡು ದಿನ ವಾಕ್ ಸ್ವಾತಂತ್ರ್ಯದ ಮೇಲೆ ಘನವಾದ ಚರ್ಚೆ ನಡೆಯಿತು. ಚಿತ್ರದ ಹಿಂದುಗಡೆ ನಮ್ಮ ಕೋಲಾರದ ಮಾರ್ಕೆಟ್ಟಿನ ಕಾಂಪೌಂಡು ಕಾಣುತ್ತಿತ್ತು. ರೇಟು ಬಿದ್ದ ದಿನ ಅಲ್ಲಿ ಟೊಮೇಟೊ ಸುರಿದು ಹೋಗುವುದನ್ನು ನಾವೆಲ್ಲ ಹುಟ್ಟಿದಾಗಿನಿಂದ ನೋಡಿದವರೇ. ಮೂರನೆಯ ದಿನ ನಾನು ಆ ಕಾಂಪೌಂಡಿಗೆ ಕೆಂಪು ಸುತ್ತು ಹಾಕಿ ಗುಂಪಿಗೆ ಬಿಟ್ಟೆ. ಅಂದಿನಿಂದ ನಾನು ‘ಸುಳ್ಳು ಹಿಡಿಯುವ ಮೇಷ್ಟ್ರು’. ಈ ಬಿರುದು ಕೊಟ್ಟವನೂ ನಾನೇ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅವಳ ಮಾತನ್ನು ನಾನು ಪರಿಶೀಲನೆಗೆ ಒಳಪಡಿಸಿಲ್ಲ.

ಹೀಗೆ ಸತ್ಯದ ಸೇವೆ ನಡೆಯುತ್ತಿದ್ದಾಗ, ಮಳೆ ಶುರುವಾದ ಹೊಸದರಲ್ಲಿ, ಮುಳಬಾಗಿಲಿನ ಒಂದು ಛತ್ರದಲ್ಲಿ ಮದುವೆಯಿತ್ತು. ನಾನು ಮತ್ತು ನಮ್ಮ ಕಾಲೇಜಿನ ಅರ್ಥಶಾಸ್ತ್ರದ ಮೇಷ್ಟ್ರು ಬೈಕಿನಲ್ಲಿ ಹೋಗಿದ್ದೆವು. ಅವರು ಮಾಲೂರು ಕಡೆಯವರು, ನನಗಿಂತ ಹತ್ತು ವರ್ಷ ಚಿಕ್ಕವರು. ನಮ್ಮ ಜಾತಿಯವರಲ್ಲ. ಹಳ್ಳಿಗಳಲ್ಲಿ ಅವರ ಹಿರಿಯರನ್ನು ನಮ್ಮ ಹಿರಿಯರು ಬಾಗಿಲ ಹೊರಗೆ ನಿಲ್ಲಿಸುತ್ತಿದ್ದರು. ಊಟವಾದ ಮೇಲೆ ನಾನೇ ಒತ್ತಾಯ ಮಾಡಿ, ಇಲ್ಲೇ ಆವನಿ ದಾಟಿದರೆ ನಮ್ಮಕ್ಕನ ಊರು, ಒಂದು ಲೋಟ ಕಾಫಿ ಕುಡಿದು ಹೋಗೋಣ ಎಂದು ಕರೆದುಕೊಂಡು ಹೋದೆ. ನಮ್ಮ ಮನೆಗಳಲ್ಲಿ ಅಂಥದ್ದೆಲ್ಲ ಈಗಿಲ್ಲ ಎಂದು ತೋರಿಸಿಕೊಳ್ಳುವ ಚಪಲವೂ ನನಗಿತ್ತು.

ಅಕ್ಕ ರೇಷ್ಮೆ ಹುಳ ಸಾಕುತ್ತಾಳೆ. ಅವಳ ಮನೆಯ ಹಿಂದಿನ ಅರ್ಧ ಭಾಗವೇ ಹುಳದ ಮನೆ. ಮರಿಹುಳ ತಂದು ಇಳಿಸಿದ ದಿನದಿಂದ ಗೂಡು ಬಿಡಿಸುವವರೆಗೆ ಅಲ್ಲಿ ನಡೆಯುವುದು ಅವಳ ಕಾನೂನು. ಊದುಬತ್ತಿ ಇಲ್ಲ, ಸೊಳ್ಳೆ ಬತ್ತಿ ಇಲ್ಲ, ಮುಡಿಗೆ ಮಲ್ಲಿಗೆ ಇಲ್ಲ, ಒಗ್ಗರಣೆ ಕೂಡ ಹಿತ್ತಲ ಒಲೆಯ ಮೇಲೆ. ಹುಳಕ್ಕೆ ವಾಸನೆ ಆಗದು, ಹೊರಗಿನ ಕಾಲಿನ ರೋಗ ಆಗದು, ಔಷಧಿಯ ಗಾಳಿಯಂತೂ ಸೋಕಲೇಬಾರದು. ಟೊಮೇಟೊಗೆ ಔಷಧಿ ಹೊಡೆದು ಬಂದವರು ಗಂಡನೇ ಆದರೂ ಸ್ನಾನ ಮಾಡಿ, ಬಟ್ಟೆ ಬದಲಿಸಿ, ಬ್ಲೀಚಿಂಗ್ ನೀರಿನಲ್ಲಿ ಕಾಲು ಅದ್ದಿ ಒಳಗೆ ಬರಬೇಕು. ಭಾವ ಒಮ್ಮೆ ತಲೆಗೆ ಘಮಘಮ ಎಣ್ಣೆ ಹಚ್ಚಿಕೊಂಡು ಬಂದು ದನದ ಕೊಟ್ಟಿಗೆಯಲ್ಲಿ ಮಲಗಿದ್ದಾರೆ. ಇಷ್ಟು ಮಾಡಿದ್ದಕ್ಕೇ ನಾಲ್ಕು ವರ್ಷದಿಂದ ಅವಳ ಒಂದು ಬೆಳೆಯೂ ಕೆಟ್ಟಿರಲಿಲ್ಲ. ಇದೆಲ್ಲ ನನಗೆ ಗೊತ್ತಿತ್ತು. ಚೆನ್ನಾಗಿ ಗೊತ್ತಿತ್ತು ಎಂದು ಈಗಲೇ ಬರೆದುಬಿಡುತ್ತೇನೆ.

ಛತ್ರದ ಬಾಗಿಲಲ್ಲಿ ನಮ್ಮಿಬ್ಬರ ಮೇಲೂ ಪನ್ನೀರು ಚಿಮುಕಿಸಿದ್ದರು. ಸಾಲದೆಂದು ನಾನು ಮನೆಯಲ್ಲೇ ಸೆಂಟು ಹೊಡೆದುಕೊಂಡಿದ್ದೆ. ಜಗಲಿ ಹತ್ತುವಷ್ಟರಲ್ಲಿ ಒಳಗಿಂದ ಅಕ್ಕನ ಕೂಗು ಬಂತು. ಅವಳಿಗೆ ಸಿಟ್ಟು ಬಂದರೆ ಮೊದಲು ಬರುವುದು ತೆಲುಗು.

“ಅಕ್ಕಡೇ ನಿಲಬಡು! ಅಲ್ಲೇ ನಿಲ್ಲೋ, ಒಳಕ್ಕೆ ಕಾಲಿಕ್ಕಬೇಡ. ಹುಳ ನಾಕನೇ ಜ್ವರಕ್ಕೆ ಕೂತವೆ. ಏನ್ಲಾ ಇದು ವಾಸ್ನೆ, ಅತ್ತರಿನ ಅಂಗ್ಡೀಲಿ ಬಿದ್ದು ಬಂದಂಗೆ?”

ಹುಳ ಪೊರೆ ಬಿಡುವ ಮುಂಚೆ ಹಿಪ್ಪುನೇರಳೆ ಸೊಪ್ಪು ತಿನ್ನುವುದು ಬಿಟ್ಟು ಅಲುಗದೆ ಕೂರುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೆಯದು ಕೊನೆಯದು. ಅದು ಎದ್ದು ಇನ್ನೊಂದು ವಾರ ಮೇದರೆ ಹುಳ ಗೂಡು ಕಟ್ಟುತ್ತದೆ. ಆ ಹೊತ್ತಿನಲ್ಲಿ ಅಕ್ಕ ದೇವರು ಬಂದರೂ ಹೊರಗೇ ನಿಲ್ಲಿಸುವವಳು.

ನನ್ನ ಹಿಂದಿದ್ದ ಮೇಷ್ಟ್ರು ಆಗಲೇ ನಾಲ್ಕು ಹೆಜ್ಜೆ ಹಿಂದೆ ಸರಿದು ಜಗಲಿಯ ಆ ತುದಿಯಲ್ಲಿ ಕೂತಿದ್ದರು. “ತಪ್ಪು ತಿಳ್ಕೋಬೇಡಿ ಸಾರ್” ಎಂದು ಅಕ್ಕ ಒಳಗಿನಿಂದಲೇ ಅಂದಳು. ಅವರು ನಕ್ಕರು. “ಅಯ್ಯೋ, ಇರ್ಲಿ ಅಕ್ಕ. ಮನೇಲಿ ಹುಳ ಇದ್ರೆ ನಮ್ಮಮ್ಮನೂ ಹಿಂಗೇ. ನನ್ನ ಮದ್ವೆ ಮಾತಾಡೋಕೆ ಬಂದೋರ್ನೇ ಹುಣಸೆ ಮರದ ಕೆಳಗೆ ಕೂರ್ಸಿದ್ರು.” ಇಬ್ಬರೂ ಬಾಗಿಲ ಆಚೆ ಈಚೆಯಿಂದಲೇ ಸೊಪ್ಪಿನ ಬೆಲೆ, ಮರಿಯ ಗುಣಮಟ್ಟ ಎಲ್ಲ ಮಾತಾಡಿದರು. ಎರಡು ಸ್ಟೀಲು ಲೋಟದಲ್ಲಿ ಕಾಫಿ ಜಗಲಿಗೇ ಬಂತು. ಕಾಫಿ ಚೆನ್ನಾಗಿತ್ತು. ನಾನು ಮಾತ್ರ ಅರ್ಧ ಕುಡಿದು ಲೋಟ ಕೆಳಗಿಟ್ಟೆ. ಊರಿಗೆಲ್ಲ ಸಮಾನತೆ ಬೋಧಿಸುವ ಮನುಷ್ಯನನ್ನು, ಕರೆತಂದ ಅತಿಥಿಯ ಎದುರಿಗೆ, ಸ್ವಂತ ಅಕ್ಕ ‘ಏನ್ಲಾ’ ಎಂದು ಹೊರಗೆ ನಿಲ್ಲಿಸಿದ್ದಳು. ಅವಳು ಸಕ್ಕರೆ ತರಲು ಹೋದಾಗ ನಾನು ಲೋಟಗಳ ಒಂದು ಫೋಟೋ ತೆಗೆದೆ. ಹಿಂದೆ ನೀಲಿ ಬಾಗಿಲು ಚೆನ್ನಾಗಿ ಬಂದಿತ್ತು.

ಸಂಜೆ ಮನೆಗೆ ಬಂದು ಬರೆದೆ. ಮುಳಬಾಗಿಲು ತಾಲ್ಲೂಕಿನ ಒಂದು ಊರಿನಲ್ಲಿ ಇಂದು ಒಬ್ಬ ಕಾಲೇಜು ಉಪನ್ಯಾಸಕರನ್ನು ಹೊಸ್ತಿಲಾಚೆಗೇ ತಡೆಯಲಾಯಿತು. ಅವರಿಗೆ ಕಾಫಿಯನ್ನು ಹೊರಗಡೆ ಜಗಲಿಯ ಮೇಲೆ ಕೊಡಲಾಯಿತು. ಅವರು ಯಾವ ಸಮುದಾಯದವರು ಎಂದು ನಾನು ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಈ ಹೊಸ್ತಿಲನ್ನು ನಾವು ಯಾವಾಗ ದಾಟುತ್ತೇವೆ? ಕೆಳಗೆ ಎರಡು ಲೋಟದ ಚಿತ್ರ. ಇನ್ನೊಂದು ಲೋಟ ನನ್ನದು ಎಂದು ಬರೆಯಲಿಲ್ಲ. ಮನೆ ನಮ್ಮಕ್ಕನದು ಎಂದೂ ಬರೆಯಲಿಲ್ಲ. ಹುಳದ ಸುದ್ದಿಯನ್ನು ಎತ್ತಲಿಲ್ಲ, ಏಕೆಂದರೆ ಅದನ್ನು ಎತ್ತಿದ್ದರೆ ಬರಹವೇ ಉಳಿಯುತ್ತಿರಲಿಲ್ಲ. ಬರೆದದ್ದರಲ್ಲಿ ಒಂದಾದರೂ ಸುಳ್ಳು ತೋರಿಸಿ ನೋಡೋಣ ಎಂದು ನನಗೆ ನಾನೇ ಸವಾಲು ಹಾಕಿಕೊಂಡೆ, ಗೆದ್ದೂಬಿಟ್ಟೆ.

ನಮ್ಮ ಕಡೆಯವರ ಕಣ್ಣೀರು, ಮುಷ್ಟಿ, ಕೆಂಪು ಹೃದಯ ಎಲ್ಲ ಧಾರೆಯಾಗಿ ಬಂದವು. ಬರಹ ನಮ್ಮ ಗುಂಪು ದಾಟಿ ಬೇರೆ ಬೇರೆ ಗುಂಪುಗಳಿಗೆ ಹೊರಟಿತು. ಆಗ ಶ್ರೀನಿವಾಸಪುರದ ಅಂಗಡಿಯವರು ಒಂದೇ ಒಂದು ಸಾಲು ಹಾಕಿದರು: “ಮೇಷ್ಟ್ರೇ, ಆ ಮನೇಲಿ ಹುಳ ಇತ್ತಾ?”

ಮೂರು ವರ್ಷದಲ್ಲಿ ಆ ಮನುಷ್ಯ ಕೇಳಿದ ಮೊದಲ ಸರಿಯಾದ ಪ್ರಶ್ನೆ ಅದು. ಗುಂಪಿನಲ್ಲಿ ಅಷ್ಟು ಜನರಿದ್ದರು, ಅರ್ಧದಷ್ಟು ಜನ ಮನೆಯಲ್ಲಿ ಎಂದಾದರೂ ಹುಳ ಸಾಕಿದವರೇ. ಯಾರಿಗೂ ಕೇಳಬೇಕೆನಿಸಲಿಲ್ಲ. ನಾನು ಉತ್ತರ ಕೊಟ್ಟೆ: “ವಿಷಯಾಂತರ ಬೇಡ. ಪ್ರಶ್ನೆ ಹುಳದ್ದಲ್ಲ, ಮನುಷ್ಯನ ಘನತೆಯದು.” ಈ ಉತ್ತರಕ್ಕೆ ಮೂಲ ಬರಹಕ್ಕಿಂತ ಹೆಚ್ಚು ಹೃದಯಗಳು ಬಂದವು. ನಾನು ಇನ್ನೊಂದು ಲೋಟ ಕಾಫಿ ಮಾಡಿಸಿಕೊಂಡು ಕುಡಿದೆ.

ಮಾರನೆಯ ದಿನ ಯಾರೋ ಆ ನೀಲಿ ಬಾಗಿಲನ್ನು ಗುರುತು ಹಿಡಿದರು. ನಮ್ಮ ಕಡೆಯ ಉತ್ಸಾಹಿಗಳು ಪ್ರಕಟಣೆ ಹೊರಡಿಸಿದರು: ನಾಳೆ ಬೆಳಿಗ್ಗೆ ಹತ್ತಕ್ಕೆ ಹೊಸ್ತಿಲು ದಾಟುವ ಕಾರ್ಯಕ್ರಮ, ಎಲ್ಲರೂ ಬನ್ನಿ. ಆ ಕಡೆಯವರು ಬಿಡುತ್ತಾರೆಯೇ? ಅವರೂ ಹೊರಡಿಸಿದರು: ನಮ್ಮವರ ಮನೆಯ ಬಾಗಿಲು ಕಾಯುವ ಕಾರ್ಯಕ್ರಮ, ಹತ್ತಕ್ಕೇ. ನಾನು ‘ಆ ಮನೆಯಲ್ಲಿ ರೇಷ್ಮೆ ಹುಳ ಇವೆ, ದಯವಿಟ್ಟು ಹೋಗಬೇಡಿ’ ಎಂದು ಬೆರಳಚ್ಚಿಸಿದೆ. ಮತ್ತೊಮ್ಮೆ ಓದಿದೆ. ಕಳಿಸಿದರೆ ಅಂಗಡಿಯವರು ಗೆಲ್ಲುತ್ತಿದ್ದರು. ಅಳಿಸಿದೆ. ಫೋನಿನಲ್ಲಿ ಹೊರಟವರು ಬಸ್ ಸ್ಟ್ಯಾಂಡಿನವರೆಗೂ ಬರುವುದಿಲ್ಲ ಎಂಬುದು ನನ್ನ ಅನುಭವ, ಹಾಗಾಗಿ ಪ್ರಕಟಣೆಯ ಕೆಳಗೆ ಒಂದು ಮುಷ್ಟಿಯನ್ನೂ ಒತ್ತಿದೆ. ಅಕ್ಕನಿಗೆ ಒಂದು ಫೋನು ಮಾಡಬಹುದಾಗಿತ್ತು. ಮಾಡಿದರೆ ಏಕೆ ಬರುತ್ತಾರೆ ಎಂಬುದನ್ನೂ ಹೇಳಬೇಕಾಗುತ್ತಿತ್ತು.

ಈ ಸಲ ಅವರು ಬಸ್ ಸ್ಟ್ಯಾಂಡು ದಾಟಿ ಹೋದರು. ಸ್ಟಾಫ್ ರೂಮಿನಲ್ಲಿ ಫೋನು ತೆರೆದರೆ ನೇರಪ್ರಸಾರ ನಡೆಯುತ್ತಿದೆ. ಅರ್ಥಶಾಸ್ತ್ರದ ಮೇಷ್ಟ್ರು ಪಕ್ಕದ ಕುರ್ಚಿಯಲ್ಲಿದ್ದರು. ಅವರು ಯಾವ ಗುಂಪಿನಲ್ಲೂ ಇಲ್ಲದವರು, ಸದ್ದು ಕೇಳಿ ಬಗ್ಗಿ ನೋಡಿದರು. ಇಪ್ಪತ್ತು ಮೂವತ್ತು ಜನ, ಅರ್ಧ ಘೋಷಣೆ ಆ ಕಡೆಯದು, ಅರ್ಧ ಈ ಕಡೆಯದು. ನೀಲಿ ಬಾಗಿಲಿಗೆ ಅಡ್ಡವಾಗಿ ಎರಡೂ ಕೈ ಚಾಚಿ ಅಕ್ಕ ನಿಂತಿದ್ದಳು. ಭಾವ ಸೊಪ್ಪು ಕೊಯ್ಯಲು ತೋಟಕ್ಕೆ, ಮಗಳು ಶಾಲೆಗೆ ಹೋಗಿದ್ದರಂತೆ, ಮನೆಯಲ್ಲಿ ಅವಳೊಬ್ಬಳೇ.

“ಇನ್ನೊಂದು ವಾರ ತಡ್ಕೊಳ್ಳಿ ಸ್ವಾಮಿ. ಹುಳ ಈಗ ಜ್ವರ ಎದ್ದವೆ. ಅವು ಚಂದ್ರಿಕೆ ಹತ್ತಿ ಗೂಡು ಕಟ್ಕೊಳ್ಳಿ, ಎಲ್ರಿಗೂ ನಾನೇ ಒಳಗೆ ಎಲೆ ಹಾಕಿ ಊಟ ಬಡಿಸ್ತೀನಿ. ಈಗ ಮಾತ್ರ ಬೇಡ, ನಿಮ್ಮ ಕಾಲಿಗೆ ಬೀಳ್ತೀನಿ.”

“ನೋಡಿದ್ರಾ ಸ್ನೇಹಿತರೇ, ಕ್ಯಾಮೆರಾ ಮುಂದೇನೇ ಹೇಳ್ತಿದ್ದಾರೆ, ಈಗ ಬೇಡವಂತೆ!” ಎಂದಿತು ಫೋನು ಹಿಡಿದವನ ದನಿ. ಆಮೇಲೆ ನೂಕಾಟ. ಚರಿತ್ರೆ ನಿರ್ಮಿಸಲು ಬಂದವರೂ, ಬಾಗಿಲು ಕಾಯಲು ಬಂದವರೂ ಒಟ್ಟಿಗೇ ಒಳಗೆ ನುಗ್ಗಿದರು. ಹುಳದ ಮನೆಗೆ ನೊಣ ಬರದ ಹಾಗೆ ಕಟ್ಟಿದ್ದ ಪರದೆ ಯಾರದೋ ಭುಜಕ್ಕೆ ಸಿಕ್ಕಿ ಪರ್ರನೆ ಹರಿಯಿತು. ಒಬ್ಬ ಸೊಪ್ಪಿನ ರಾಶಿಯ ಮೇಲೆ ಕೈಯೂರಿ ನಿಂತ. ಕ್ಯಾಮೆರಾ ಒಂದು ಸುತ್ತು ತಿರುಗಿತು. ಅಟ್ಟಣೆಗಳ ಮೇಲೆ ಸಾಲಾಗಿ, ಆಗ ತಾನೇ ಪೊರೆ ಬಿಟ್ಟ ಹುಳಗಳು ತಲೆಯೆತ್ತಿದ್ದವು. “ಇಲ್ಲಿ ಹುಳ ಬಿಟ್ರೆ ಏನೂ ಇಲ್ವಲ್ಲ ಗುರು” ಎಂದು ಯಾರೋ ಅಂದರು. ಪ್ರಸಾರ ಅಲ್ಲಿಗೆ ನಿಂತಿತು. ಸತ್ಯ ಸಿಕ್ಕ ಕೂಡಲೇ ಪ್ರಸಾರ ನಿಲ್ಲಿಸುವುದು ನಮ್ಮ ಎರಡೂ ಕಡೆಯ ಸಂಪ್ರದಾಯ.

ಮೇಷ್ಟ್ರು ನನ್ನ ಫೋನು ತೆಗೆದುಕೊಂಡು ಹಳೆಯ ಸಂದೇಶಗಳವರೆಗೆ ಸರಿಸಿ ನನ್ನ ಬರಹ ಓದಿದರು. ಓದಿ ಮುಗಿಸಲು ಅವರಿಗೆ ಬಹಳ ಹೊತ್ತು ಬೇಕಾಯಿತು.

“ಸಾರ್, ಇದು ನಮ್ಮಿಬ್ಬರ ಲೋಟ ಅಲ್ವಾ?”

“ನಿಮ್ಮ ಪರವಾಗಿ...” ಎಂದು ಶುರು ಮಾಡಿದೆ.

“ನನ್ನ ಕೇಳ್ಬೇಕಾಗಿತ್ತು ಸಾರ್. ನಿಜವಾಗ್ಲೂ ಹೊರಗೆ ನಿಲ್ಸಿದ ಮನೆಗಳು ನಂಗೆ ಗೊತ್ತಿವೆ. ಇದೇ ಕೋಲಾರದಲ್ಲಿ ಬಾಡಿಗೆ ಮನೆ ಹುಡುಕ್ವಾಗ ಎಷ್ಟು ಬಾಗಿಲಲ್ಲಿ ನಿಂತೆ ಅಂತ ನಿಮ್ಗೇ ಹೇಳಿದ್ದೆ. ಆಗ ನೀವು ಒಂದ್ ಸಾಲೂ ಬರೀಲಿಲ್ಲ. ನಿಮ್ಮಕ್ಕ ನಂಗೆ ಒಳ್ಳೆ ಕಾಫಿ ಕೊಟ್ರು, ಅದನ್ನ ಹಿಡ್ಕೊಂಡು ಬರೆದ್ರಿ.” ಫೋನು ಮೇಜಿನ ಮೇಲಿಟ್ಟರು. “ಇನ್ಮೇಲೆ ನಾನು ಯಾವ ಬಾಗಿಲ ಬಗ್ಗೆ ಹೇಳಿದ್ರೂ, ಒಳಗೆ ಹುಳ ಇತ್ತೇನೋ ಅಂತಾರೆ ಸಾರ್.”

ಹೇಳಿ ಕ್ಲಾಸಿಗೆ ಹೋದರು. ನನಗೆ ನಾಚಿಕೆಯಾಯಿತು.

ಅಂದು ಸಂಜೆ ಗುಂಪಿನಲ್ಲಿ ನಮ್ಮ ಕಡೆಯವರು ‘ಹೊಸ್ತಿಲು ದಾಟಿದೆವು’ ಎಂದು ಸಂಭ್ರಮಿಸಿದರು. ಆ ಕಡೆಯವರು ‘ಒಂಟಿ ಹೆಂಗಸಿನ ಮನೆಗೆ ದಾಳಿ’ ಎಂದು ರೊಚ್ಚಿಗೆದ್ದರು. ಇಬ್ಬರೂ ಹಾಕಿದ್ದು ಒಂದೇ ಚಿತ್ರ, ಕೈ ಚಾಚಿ ನಿಂತ ನಮ್ಮಕ್ಕ. ಎರಡು ಕೋಣ ಕಾದಾಡಿದರೆ ಗಿಡಕ್ಕೆ ಸಾವು ಎನ್ನುತ್ತಾರಲ್ಲ, ಆ ಗಿಡದ ಫೋಟೋ ಎರಡೂ ಕೋಣಗಳ ಬಳಿ ಇತ್ತು. ನಾನು ಧೈರ್ಯ ಮಾಡಿ ಎಲ್ಲವನ್ನೂ ಬರೆದೆ. ಮನೆ ನಮ್ಮಕ್ಕನದು, ಒಂದು ಲೋಟ ನನ್ನದು, ಒಳಗೆ ಹುಳ ಇದ್ದದ್ದು ನನಗೆ ಗೊತ್ತಿತ್ತು, ತಪ್ಪು ನನ್ನದು. ಯಾರೂ ಅದನ್ನು ಬೇರೆ ಗುಂಪಿಗೆ ಕಳಿಸಲಿಲ್ಲ. ಮೇಷ್ಟ್ರನ್ನು ಯಾರೋ ಹೆದರಿಸಿ ಬರೆಸಿದ್ದಾರೆ ಎಂದು ಒಬ್ಬರು ಮರುಗಿದರು. ಎಷ್ಟಕ್ಕೆ ಮಾರಿಕೊಂಡಿರಿ ಎಂದು ಇನ್ನೊಬ್ಬರು ಕೇಳಿದರು. ನಾನು ಸಾಕಿದ ನಾಯಿಗಳು, ನನ್ನನ್ನೇ ಕಚ್ಚಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಮಾರನೆಯ ದಿನ ಬೆಳಿಗ್ಗೆ ಅಂಗಡಿಯವರು ಫೋನು ಮಾಡಿದರು. ಮೂರು ವರ್ಷ ಕಿತ್ತಾಡಿದವರು ಒಬ್ಬರ ದನಿ ಇನ್ನೊಬ್ಬರು ಕೇಳಿದ್ದು ಅದೇ ಮೊದಲು. ಜಂಬ ಕೊಚ್ಚಿಕೊಳ್ಳುತ್ತಾರೆ ಎಂದು ನಾನು ಹಲ್ಲು ಕಚ್ಚಿಕೊಂಡು ಕೂತೆ.

“ಮೇಷ್ಟ್ರೇ, ಪರದೆ ಹರಿದಿದ್ದು ವಿಡಿಯೋದಲ್ಲಿ ನೋಡ್ದೆ. ಊಜಿ ನೊಣ ನುಗ್ಗಿ ಹುಳದ ಮೇಲೆ ಮೊಟ್ಟೆ ಇಟ್ಟಿರ್ತವೆ. ಬೇಗ ಹೋಗಿ ನೋಡ್ಕೊಳ್ಳಿ. ಸೊಪ್ಪಿನ ಮೇಲೆ ಕೈಯೂರಿದ್ನಲ್ಲ, ಅವ್ನು ನಮ್ಮ ಹುಡ್ಗನೇ. ನಿನ್ನೆ ಬೆಳಿಗ್ಗೆಯಿಂದ ತೋಟದಲ್ಲಿ ಔಷಧಿ ಹೊಡೀತಿದ್ದ, ಬಾಗ್ಲು ಕಾಯಿ ಹೋಗು ಅಂತ ನಾನೇ ಕಳ್ಸಿದ್ದು.” ಆಮೇಲೆ, “ಹುಳ ಇದೆ ಅಂತ ನಂಗೂ ಅನುಮಾನ ಇತ್ತಲ್ಲ ಮೇಷ್ಟ್ರೇ. ಇದ್ದೂ ಕಳ್ಸಿದೆ” ಅಂದರು.

ನಾನು ಹೋದದ್ದು ಜನ ನುಗ್ಗಿದ ನಾಲ್ಕನೆಯ ದಿನ. ಕಾಲೇಜಿನಲ್ಲಿ ಪರೀಕ್ಷೆಯ ಕೆಲಸವಿತ್ತು ಎಂದು ಬರೆದರೆ ಅದೂ ಸುಳ್ಳಲ್ಲ. ಆದರೆ ಹೋಗದೆ ಉಳಿದದ್ದು ಹೆದರಿಕೆಯಿಂದ. ಅಂದು ಸೋಪು ಕೂಡ ಹಚ್ಚದೆ ಸ್ನಾನ ಮಾಡಿ, ಒಗೆದ ಬಟ್ಟೆ ಉಟ್ಟು, ಚಪ್ಪಲಿಯನ್ನು ರಸ್ತೆಯಲ್ಲೇ ಬಿಟ್ಟು ಜಗಲಿಯ ಕೆಳಗೆ ನಿಂತೆ. ಬಾಗಿಲು ಹಾರು ಹೊಡೆದಿತ್ತು. ಒಳಗಿಂದ ಸಾಂಬಾರಿನ ಒಗ್ಗರಣೆಯ ವಾಸನೆ ಬಂತು. ಅದು ಮೂಗಿಗೆ ಬಿದ್ದ ಕೂಡಲೇ ನನಗೆ ಗೊತ್ತಾಯಿತು.

“ಅಕ್ಕ, ಬರ್ಲಾ?” ಎಂದೆ.

“ಬಾರೋ. ಇನ್ನು ಯಾರ್ ಬೇಕಾದ್ರೂ ಬರ್ಬೋದು” ಅಂದಳು.

ಅವಳು ಅಟ್ಟಣೆಯ ಮುಂದೆ ಕೂತು ಹುಳ ಎತ್ತುತ್ತಿದ್ದಳು. ಬಹಳಷ್ಟರ ಮೈಮೇಲೆ ಊಜಿಯ ಕಪ್ಪು ಚುಕ್ಕೆ. ಔಷಧಿ ಸೋಕಿದ ಸೊಪ್ಪು ತಿಂದವು ಹಸಿರು ಕಕ್ಕಿ ಮುದುರಿಕೊಂಡಿದ್ದವು. ಮೂರು ದಿನದಿಂದ ಒಳ್ಳೆಯವನ್ನು ಬೇರೆ ಮಾಡಲು ನೋಡಿ ಸಾಕಾಗಿ, ಈಗ ಎಲ್ಲವನ್ನೂ ಬುಟ್ಟಿಗೆ ತುಂಬುತ್ತಿದ್ದಳು. ಹಿತ್ತಲಲ್ಲಿ ಭಾವ ಗುಂಡಿ ತೋಡುತ್ತಿದ್ದರು, ನನ್ನನ್ನು ನೋಡಿ ಮತ್ತೆ ತಲೆ ಬಗ್ಗಿಸಿದರು. ನಾನು ಅವಳ ಪಕ್ಕ ಕೂತು ಕೈ ಹಾಕಿದೆ. ಅವಳು ಬೇಡ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತೆಲುಗಿನಲ್ಲಿ ಬೈದಿದ್ದರೆ ಇನ್ನೂ ಚೆನ್ನಾಗಿತ್ತು.

“ಅಕ್ಕ, ನಾನು ಬರ್ದಿದ್ದು...” ಎಂದೆ.

“ಮಗಳು ಓದಿ ಹೇಳಿದ್ಲು. ಎರಡು ಸಲ ಓದ್ಸಿದೆ.” ಅವಳ ಕೈ ಹುಳ ಎತ್ತುತ್ತಲೇ ಇತ್ತು. “ಎಲ್ಲಾದ್ರೂ ಒಂದು ಸುಳ್ಳು ಸಿಕ್ರೆ, ನಮ್ಮ ಹುಡ್ಗ ಏನೋ ಗೊತ್ತಿಲ್ದೆ ಬರ್ದವ್ನೆ ಅಂತ ಮನಸ್ಸಿಗೆ ಹೇಳ್ಕೋಬೋದಿತ್ತು. ಒಂದೂ ಸಿಗ್ಲಿಲ್ಲ ಕಣೋ.”

ಹಿತ್ತಲಿನಿಂದ ಭಾವ ಕೂಗಿದರು. ನಾನು ಬುಟ್ಟಿ ಎತ್ತಿಕೊಂಡು ಗುಂಡಿಯ ಹತ್ತಿರ ಹೋದೆ. ಬುಟ್ಟಿಯಲ್ಲಿ ಕೆಲವು ಹುಳ ಇನ್ನೂ ತಲೆಯೆತ್ತಿ ಸೊಪ್ಪು ಹುಡುಕುತ್ತಿದ್ದವು.